ಒಂದು ಅಯ್ಯೋ

ಆಫೀಸಿನಲ್ಲಿ ಅವಳಿಗೆ ‘ತಣ್ಣೀರು’ ಎಂದು ಹೆಸರಿಟ್ಟಿದ್ದರು. ಬೈಗುಳವಲ್ಲ, ಬಿರುದು. ಹೆಂಡತಿ ಬಿಟ್ಟುಹೋದವನು, ಮಗನೊಂದಿಗೆ ಮಾತು ಬಿಟ್ಟವಳು, ದೇವರ ಮೇಲೆ ಮುನಿಸಿಕೊಂಡವರು, ಯಾರೇ ಎದುರಿಗೆ ಕೂತು ಒಳಗಿದ್ದದ್ದನ್ನೆಲ್ಲ ತೋಡಿಕೊಂಡರೂ ಅವಳ ದನಿ ಒಂದಿಷ್ಟೂ ಬಿಸಿಯಾಗುತ್ತಿರಲಿಲ್ಲ. ಅವಳ ಕೆಲಸವೇ ಅದು. ಮನಃಶಾಸ್ತ್ರದ ಸಂಶೋಧನಾ ಕೇಂದ್ರವೊಂದರಲ್ಲಿ ಅವಳು ಸಂದರ್ಶಕಿ. ಪ್ರಾರ್ಥನೆ, ಧ್ಯಾನ ಎಂದು ಒಟ್ಟಿಗೆ ಕೂರುವ ಮನೆಗಳಲ್ಲಿ ನೆಮ್ಮದಿ ಹೆಚ್ಚೋ, ಕೂರದ ಮನೆಗಳಲ್ಲಿ ಹೆಚ್ಚೋ ಎಂದು ಆ ಕೇಂದ್ರ ವರ್ಷಗಳಿಂದ ತಲೆ ಕೆಡಿಸಿಕೊಂಡಿತ್ತು. ನೆಮ್ಮದಿಯನ್ನು ಒಂದರಿಂದ ಹತ್ತರವರೆಗೆ ಅಳೆಯುತ್ತಿದ್ದರು. ಅಳೆಯಲಿ ಬಿಡಿ, ಅವರ ಹೊಟ್ಟೆಪಾಡು.

ಕೇಂದ್ರದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಮೇಡಂ ಎನ್ನುತ್ತಿದ್ದರು, ಎತ್ತರದಲ್ಲಿ ಅವರೇ ಎಲ್ಲರಿಗಿಂತ ಚಿಕ್ಕವರಾಗಿದ್ದರೂ. ಹೊಸದಾಗಿ ಸೇರಿದವರಿಗೆ ಅವರು ಮೊದಲು ಕಲಿಸುತ್ತಿದ್ದದ್ದು ಅಯ್ಯೋ ಅನ್ನದೆ ಇರುವುದನ್ನು.

“ನೀವು ಒಂದ್ಸಲ ಅಯ್ಯೋ ಅಂದ್ರೆ ಮುಗೀತು. ಇನ್ನೊಂದು ಅಯ್ಯೋಗೋಸ್ಕರ ಅವರು ಕಷ್ಟಾನ ಸ್ವಲ್ಪ ದೊಡ್ಡದು ಮಾಡಿ ಹೇಳ್ತಾರೆ. ಇಲ್ಲಾಂದ್ರೆ ನಿಮಗೆ ಬೇಜಾರಾಗತ್ತೆ ಅಂತ ಮುಚ್ಚಿಡ್ತಾರೆ. ಎರಡೂ ನಮಗೆ ಬೇಡ. ಹೂಂ ಅನ್ನಿ. ಇನ್ನೂ ಸ್ವಲ್ಪ ಹೇಳಿ ಅನ್ನಿ. ಆಗ ನಿಮಗೆ ಏನನ್ನಿಸ್ತು ಅಂತ ಕೇಳಿ. ಅಷ್ಟೇ.”

ಇದನ್ನು ಕಲಿಯಲು ಉಳಿದವರು ಒದ್ದಾಡಿದರು. ಒಬ್ಬಳಂತೂ ಸಂದರ್ಶನದ ನಡುವೆಯೇ ಗೊಳೋ ಎಂದು ಅತ್ತುಬಿಟ್ಟಳು, ಕಷ್ಟ ಹೇಳಿಕೊಳ್ಳಲು ಬಂದಿದ್ದ ಮುದುಕರೇ ಅವಳಿಗೆ ನೀರು ಕುಡಿಸಿ ಸಮಾಧಾನ ಮಾಡಬೇಕಾಯಿತು. ತಣ್ಣೀರು ಹಾಗಲ್ಲ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಆ ಮಾತುಗಳನ್ನು ನಾಲಿಗೆಗೆ ರೂಢಿಯಾಗುವವರೆಗೂ ಅಭ್ಯಾಸ ಮಾಡಿದಳು. ಕೇಳಿ ಕೇಳಿ ಅವಳ ಮಗಳಿಗೂ ಅವು ಬಾಯಿಪಾಠವಾದವು. ಮಗಳನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಮೆಣಸು ಎಂದು. ಯಾಕೆಂದು ಅವಳ ಮಾತು ಕೇಳಿದ ಯಾರಿಗಾದರೂ ಗೊತ್ತಾಗುತ್ತಿತ್ತು.

“ಹಾಲು ಉಕ್ಕಿ ಹೋಯ್ತಲ್ಲೇ,” ಎಂದು ಅಪ್ಪ ಒಲೆಯ ಮುಂದೆ ಪೇಚಾಡಿದರೆ, ಮೆಣಸು ಕುರ್ಚಿಯಲ್ಲಿ ನೆಟ್ಟಗೆ ಕೂತು, ಅಮ್ಮನ ಆಫೀಸು ದನಿಯಲ್ಲಿ ಕೇಳುತ್ತಿದ್ದಳು: “ಹೂಂ. ಆಗ ಹಾಲಿಗೆ ಏನನ್ನಿಸ್ತು?”

ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಮಾತು ಕಡಿಮೆ, ಕಿವಿ ಚುರುಕು. ಯಾವ ಕಟ್ಟಡಕ್ಕೆ ಹೋದರೂ ಮೊದಲು ಲಿಫ್ಟಿನ ಸದ್ದಿಗೆ ಕಿವಿ ಕೊಟ್ಟು, ಅದರ ಯಾವ ಭಾಗಕ್ಕೆ ಕಾಯಿಲೆ ಎಂದು ಮನಸ್ಸಿನಲ್ಲೇ ನಿರ್ಧರಿಸಿದ ಮೇಲೇ ಅವನಿಗೆ ಸಮಾಧಾನ. ಸಂಜೆ ಊಟಕ್ಕೆ ಮುಂಚೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರುವ ಅಭ್ಯಾಸ ಅವನ ತಾಯಿಯಿಂದ ಬಂದದ್ದು. ಮಂತ್ರವಿಲ್ಲ, ಹಾಡಿಲ್ಲ. ದೇವರಿಗೆ ಹೇಳುವುದಿದ್ದರೆ ಅವರವರ ಮನಸ್ಸಿನಲ್ಲಿ ಹೇಳಿಕೊಳ್ಳುವುದು. ಮೆಣಸು ಮಾತ್ರ ಒಂದು ಕಣ್ಣು ತೆರೆದು ಯಾರು ಮೋಸ ಮಾಡುತ್ತಿದ್ದಾರೆ ಎಂದು ಕಾವಲು ಕಾಯುತ್ತಿದ್ದಳು. “ಅಪ್ಪ ಗೊರಕೆ ಹೊಡೀತಿದ್ರು,” ಎಂದು ಆಮೇಲೆ ಚಾಡಿ.

ಹೋದ ವರ್ಷ ಮೆಣಸು ತೀರಿಹೋದಳು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಜ್ವರ ಬಂತು, ಮೆದುಳಿಗೇರಿತು, ಆಸ್ಪತ್ರೆಗೆ ಸೇರಿಸಿದ ಮಗು ಮನೆಗೆ ನಡೆದು ಬರಲಿಲ್ಲ.

ನೆಂಟರು, ನೆರೆಯವರು, ಫೋನು ಮಾಡಿದವರು, ಎಲ್ಲರೂ ಅಯ್ಯೋ ಅಂದರು. ಅಷ್ಟೊಂದು ಅಯ್ಯೋಗಳನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಅದನ್ನು ಅನ್ನಬಾರದೆಂದು ಕಟ್ಟಪ್ಪಣೆಯಿದ್ದ ಜಾಗ ಒಂದೇ, ಆಫೀಸು. ಬೇಗನೆ ಕೆಲಸಕ್ಕೆ ಮರಳಿದಳು. ಮಕ್ಕಳನ್ನು ಕಳೆದುಕೊಂಡವರ ಸಂದರ್ಶನ ನಿಮಗೆ ಬೇಡ ಎಂದು ದೊಡ್ಡಮೇಡಂ ಹೇಳಿದರೂ ಹಟ ಮಾಡಿ ಅವನ್ನೇ ಕೇಳಿ ತೆಗೆದುಕೊಂಡಳು. ಆ ತಣ್ಣನೆಯ ದನಿಯಲ್ಲಿ ಮಾತಾಡುವಷ್ಟು ಹೊತ್ತು ಅವಳಿಗೆ ಅಳು ಬರುತ್ತಿರಲಿಲ್ಲ. ಬರಬರುತ್ತಾ ತರಕಾರಿ ಅಂಗಡಿಯಲ್ಲೂ ಅದೇ ದನಿಯಲ್ಲಿ ಮಾತಾಡತೊಡಗಿದಳು. ಅವಳಿಗೇ ಅದು ಗೊತ್ತಾಗಲಿಲ್ಲ.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸಂಜೆ ಕೂರುವುದನ್ನು ಬಿಡಲಿಲ್ಲ. ಮಗಳ ಸುದ್ದಿಯನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಅವಳಿಗೆ ಕೇಳುತ್ತಿದ್ದದ್ದು ಫ್ರಿಜ್ಜಿನ ಸದ್ದೊಂದೇ. ಅಲ್ಲಿ ದೇವರಿದ್ದ ಸುಳಿವೇ ಇರಲಿಲ್ಲ. ಆದರೂ ಗಂಡ ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ನೋಡಿ, ಇವನೊಬ್ಬನಿಗಾದರೂ ಹಿಡಿದುಕೊಳ್ಳಲು ಏನೋ ಇದೆಯಲ್ಲ, ಅದನ್ನು ನಾನೇಕೆ ಕಿತ್ತುಕೊಳ್ಳಲಿ ಎಂದು ಸುಮ್ಮನಿರುತ್ತಿದ್ದಳು. ಇವನು ಒಂದು ದಿನ ಬಾಯಿ ಬಿಟ್ಟಾನು, ಬಿಟ್ಟ ದಿನ ಇಬ್ಬರೂ ಒಟ್ಟಿಗೆ ಅತ್ತು ಹಗುರಾದೇವು ಎಂಬ ಒಂದೇ ಆಸೆಯ ಮೇಲೆ ಅವಳು ದಿನ ದೂಡುತ್ತಿದ್ದಳು.

ಆ ದಿನ ಬಂದೇ ಬಂತು. ಆವತ್ತು ಅವಳು ಮೊಮ್ಮಗನನ್ನು ಕಳೆದುಕೊಂಡ ಅಜ್ಜಿಯೊಬ್ಬರ ಸಂದರ್ಶನ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದಿದ್ದಳು. ಹೆಗಲ ಮೇಲಿನ ಚೀಲವನ್ನು ಇನ್ನೂ ಇಳಿಸಿರಲಿಲ್ಲ. ಗಂಡ ಅಡುಗೆಮನೆಯ ಮೇಜಿನ ಮುಂದೆ ಕೂತು, ಉಗುರಿನ ಸಂದಿಯ ಗ್ರೀಸನ್ನು ಚಿಂದಿಬಟ್ಟೆಯಿಂದ ಉಜ್ಜುತ್ತಿದ್ದ.

“ಇವತ್ತು ಆ ಆಸ್ಪತ್ರೆಗೆ ಹೋಗಿದ್ದೆ,” ಎಂದ. “ಲಿಫ್ಟ್ ರಿಪೇರಿಗೆ ಕರೆದಿದ್ರು.”

ಅವಳು ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. “ಹೂಂ,” ಎಂದಳು.

“ಆವತ್ತು ಡಾಕ್ಟರು, ಇಬ್ಬರಲ್ಲಿ ಒಬ್ಬರು ಮಾತ್ರ ಒಳಗಿರಿ ಅಂದ್ರಲ್ಲ. ನೀನು ನನಗೆ, ಹೊರಗೆ ನಿಂತು ದೇವರನ್ನ ಕೇಳ್ಕೊಳ್ಳಿ ಅಂದೆ.”

“ಇನ್ನೂ ಸ್ವಲ್ಪ ಹೇಳಿ.”

ಅವನು ತಲೆಯೆತ್ತಿ ಅವಳನ್ನು ನೋಡಿದ. ಆದರೆ ಮಾತು ಆಗಲೇ ಗಂಟಲಿಗೆ ಬಂದಿತ್ತು, ತಡೆಯಲು ಅವನಿಂದಲೂ ಆಗಲಿಲ್ಲ.

“ನಾನು ಕೇಳ್ಕೊಳ್ಳಲಿಲ್ಲ ಕಣೇ. ಅಲ್ಲಿ ಲಿಫ್ಟು ನಿಲ್ಲೋವಾಗೆಲ್ಲ ಕಟಕ್ ಅಂತಿತ್ತು. ಬ್ರೇಕ್ ಸವೆದಿದೆ ಅಂತ ಅದನ್ನೇ ಕೇಳ್ತಾ ನಿಂತುಬಿಟ್ಟೆ. ಒಳಗೆ ಮಗು ಜೀವ ಹೋಗ್ತಿದೆ, ನಾನು ಲಿಫ್ಟಿನ ಬ್ರೇಕು ಯೋಚನೆ ಮಾಡ್ತಿದೀನಿ. ಆವತ್ತಿಂದ ಕಣ್ಣು ಮುಚ್ಚಿದ್ರೆ ದೇವರೂ ಇಲ್ಲ ದಿಂಡರೂ ಇಲ್ಲ, ಅದೇ ಕಟಕ್. ದಿನಾ ಕೂರೋದು ನಿನಗೋಸ್ಕರ ಅಷ್ಟೆ.”

ಅವನ ಗದ್ದ ನಡುಗುತ್ತಿತ್ತು. ನಾನೂ ನಿಮಗೋಸ್ಕರಾನೇ ಕೂರೋದು ಕಣ್ರೀ, ನನಗೂ ಅಲ್ಲಿ ಯಾರೂ ಸಿಗಲ್ಲ, ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಓಡಿಹೋಗಿ ಅವನ ತಲೆಯನ್ನು ಎದೆಗೆ ಒತ್ತಿಕೊಂಡಿದ್ದರೆ ಸಾಕಿತ್ತು, ಮಾತೇ ಬೇಕಿರಲಿಲ್ಲ. ಆದರೆ ಎದುರಿಗಿದ್ದವರ ಗದ್ದ ನಡುಗಿದ ಕೂಡಲೇ ಏನು ಮಾಡಬೇಕೆಂದು ಅವಳ ಬಾಯಿಗೆ ಚೆನ್ನಾಗಿ ಅಭ್ಯಾಸವಾಗಿತ್ತು. ಅದು ತನ್ನ ಕೆಲಸ ಮಾಡಿತು.

“ಆಗ ನಿಮಗೆ ಏನನ್ನಿಸ್ತು?”

ಸ್ವಚ್ಛವಾಗಿ, ಏರಿಳಿತವಿಲ್ಲದೆ ಬಂತು. ದೊಡ್ಡಮೇಡಂ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು.

ಗಂಡ ಚಿಂದಿಬಟ್ಟೆಯನ್ನು ಮಡಿಸಿದ. ಮೇಜಿನ ಅಂಚಿಗೆ ಸರಿಯಾಗಿ ಇಟ್ಟ.

“ಮೆಣಸು ಚೂರೂ ತಪ್ಪಿಲ್ಲದೆ ಅಣಕಿಸ್ತಿದ್ಲು,” ಎಂದು ಎದ್ದ.

ಆ ನಾಲಿಗೆಯನ್ನು ಕಿತ್ತು ಬಿಸಾಡಬೇಕೆನ್ನಿಸಿತು ಅವಳಿಗೆ. ಅನ್ನಿಸಿ ಏನು ಬಂತು. ಚೀಲ ನೆಲಕ್ಕೆ ಬಿತ್ತು. ಅವನ ಹಿಂದೆಯೇ ಹೋಗಿ ತೋಳು ಹಿಡಿದಳು. ಒಂದು ವರ್ಷ ಅವನು ಯಾತಕ್ಕಾಗಿ ಕಾದಿದ್ದನೆಂದು ಈಗ ಅವಳಿಗೆ ಚೆನ್ನಾಗಿ ತಿಳಿದಿತ್ತು. ಊರಿನವರೆಲ್ಲ ಅಂದದ್ದು ಅವನಿಗೆ ಲೆಕ್ಕಕ್ಕಿರಲಿಲ್ಲ. ಇವಳು ಅನ್ನಬೇಕಿತ್ತು.

“ಅಯ್ಯೋ,” ಎಂದಳು.

ಅದೂ ಅದೇ ದನಿಯಲ್ಲಿ ಬಂತು. ಬೋರ್ಡಿನ ಮೇಲೆ ಬರೆದದ್ದನ್ನು ಓದಿದ ಹಾಗಿತ್ತು. ಇನ್ನೊಮ್ಮೆ ಅನ್ನಲು ಬಾಯಿ ತೆರೆದಳು, ಅದು ಹೇಗೆ ಬರುತ್ತದೆಂದು ಹೆದರಿ ಮುಚ್ಚಿದಳು.

“ಪರವಾಗಿಲ್ಲ ಬಿಡು,” ಎಂದು ಅವನು ತೋಳು ಬಿಡಿಸಿಕೊಂಡ. ಸಂದರ್ಶನ ಮುಗಿದ ಮೇಲೆ ಕುರ್ಚಿಯಿಂದ ಏಳುವ ಜನ ಸಾಮಾನ್ಯವಾಗಿ ಹಾಗೆಯೇ ಅನ್ನುತ್ತಾರೆ. ಅವಳು ಅದನ್ನು ಎಷ್ಟೋ ಸಲ ಕೇಳಿದ್ದಳು. ಹಾಗೆ ಅಂದು ಹೋದವರು ಮತ್ತೆ ಆ ವಿಷಯ ಎತ್ತುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಆ ಸಂಜೆಯೂ ಕೂತರು. ಕೂರದೆ ಇದ್ದರೆ ಯಾಕೆ ಎಂದು ಮಾತಾಡಬೇಕಾಗುತ್ತಿತ್ತು. ನಡುಮನೆಯ ಜಮಖಾನೆಯ ಮೇಲೆ ಎದುರುಬದುರು, ಬೆನ್ನು ನೆಟ್ಟಗೆ. ಫ್ರಿಜ್ಜು ಸದ್ದು ಮಾಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ಒಂದೇ ಒಂದು ಕಣ್ಣು ತೆರೆದಳು, ಮಗಳ ಹಾಗೆ.

ಅವನ ಎರಡೂ ಕಣ್ಣು ತೆರೆದಿದ್ದವು. ಅವಳನ್ನೇ ನೋಡುತ್ತಿದ್ದ.

ಮೋಸ ಎಂದು ಕೂಗಿ ನಗುವವರು ಅಲ್ಲಿ ಯಾರೂ ಇರಲಿಲ್ಲ. ಅವನು ಮೊದಲು ಕಣ್ಣು ಮುಚ್ಚಿಕೊಂಡ, ಆಮೇಲೆ ಅವಳೂ ಮುಚ್ಚಿಕೊಂಡಳು.