ಹಸಿರು ಕಾರ್ಡು

ಸಾಬೂನು ಕಾರ್ಖಾನೆಯ ರಿಪೇರಿ ವಿಭಾಗದ ಗುಮಾಸ್ತೆ ಒಂದು ಸಾಲು ಕೋಡನ್ನೂ ಬರೆಯದೆ ಆ್ಯಪ್ ಮಾಡಿಬಿಟ್ಟಿದ್ದಳು. ಪರದೆಯ ಮೇಲೆ ಚೌಕ ಎಳೆಯುವುದು, ಬಾಣ ಜೋಡಿಸುವುದು, ಅಷ್ಟೇ. ಪ್ರತಿ ರಿಪೇರಿಗೂ ಒಂದು ಕಾರ್ಡು. ಬಾಕಿಯಿದ್ದರೆ ಕೆಂಪು, ಮುಗಿದರೆ ಹಸಿರು. ಹಸಿರಾದ ಕೂಡಲೇ ಯಂತ್ರ ನಡೆಸುವವನ ಫೋನಿಗೆ 'ಶುರು ಮಾಡಬಹುದು' ಎಂಬ ಸಂದೇಶ ತಾನಾಗಿ ಹೋಗುತ್ತಿತ್ತು. ಆ ಕೊನೆಯ ಬಾಣ ಹಾಕಿದ್ದು ಹೋದ ವಾರವಷ್ಟೇ. ಮ್ಯಾನೇಜರ್ ಬಾಯ್ತುಂಬ ಹೊಗಳಿದ್ದರು.

ಮೊದಲೆಲ್ಲ ಯಂತ್ರದೊಳಗೆ ಇಳಿಯುವ ಫಿಟ್ಟರ್ ಅದರ ಸ್ವಿಚ್ಚಿಗೆ ಕೆಂಪು ತಗಡಿನ ಬಿಲ್ಲೆ ನೇತುಹಾಕುತ್ತಿದ್ದ. ಹೊರಬಂದ ಮೇಲೆ ಅವನೇ ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ. ಆ ಫಿಟ್ಟರ್ ಅವಳ ಅಕ್ಕನ ಗಂಡ. ಅವಳಿಗೆ ಈ ಕೆಲಸ ಕೊಡಿಸಿದವನೂ ಅವನೇ. ಇನ್ನು ಬಿಲ್ಲೆ ಬೇಡವೆಂದು ಆದೇಶ ಬಂದಾಗ, "ಬೋಲ್ಟೂ ನಿನ್ನ ಆ್ಯಪೇ ಬಿಗಿ ಮಾಡತ್ತೇನಮ್ಮ? ಹಾಗಾದ್ರೆ ನಾನು ಮನೇಲಿ ಮಲಗ್ತೀನಿ," ಎಂದು ಕಿಚಾಯಿಸಿ, ಅದನ್ನು ಸಾಮಾನಿನ ಪೆಟ್ಟಿಗೆಯ ತಳಕ್ಕೆ ಹಾಕಿದ್ದ.

ಆ ದಿನ ಬೆಳಿಗ್ಗೆ ಹತ್ತಕ್ಕೆ ಸಭೆ. ದೊಡ್ಡ ಸಾಹೇಬರು ಬರುವ ದಿನ ಆ್ಯಪಿನ ಕಾರ್ಡುಗಳ ಬೋರ್ಡು ಕೆಂಪಗಿರಬಾರದೆಂಬುದು ಅಲ್ಲಿನ ವಾಡಿಕೆ. ಹೇಗೂ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ, ಈಗಲೇ ಮುಗಿಯಿತೆಂದರೆ ಏನು ನಷ್ಟ? ಹತ್ತಕ್ಕೆ ಎರಡು ನಿಮಿಷವಿರುವಾಗ, ಉಳಿದಿದ್ದ ಮೂರು ಕಾರ್ಡುಗಳನ್ನು ಅವಳು ಅಭ್ಯಾಸಬಲದಿಂದ ಹಸಿರಿಗೆ ಎಳೆದು, ಫೋನು ಜೇಬಿಗೆ ಹಾಕಿ ಕುಳಿತಳು.

ಮ್ಯಾನೇಜರ್ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿದ್ದ ಹಸಿರು ಬೋರ್ಡು ತೋರಿಸಿ ಮಾತು ಶುರುಮಾಡಿದ್ದರಷ್ಟೇ. ಕೆಳಗಿನಿಂದ ಸೈರನ್ ಕೇಳಿಸಿತು. ಸಾಬೂನು ಕಲಸುವ ಡ್ರಮ್ಮಿನದು. ಅರ್ಧ ನಿಮಿಷ ಕೂಗುತ್ತದೆ, ಆಮೇಲೆ ಅಲಗುಗಳು ತಿರುಗುತ್ತವೆ.

ಮೂರನೆಯ ಕಾರ್ಡು ಆ ಡ್ರಮ್ಮಿನದೇ. ಒಳಗೆ ಭಾವ ಇದ್ದಾನೆ.

ಹೋದ ವಾರದ ಬಾಣ ಅವಳಿಗೆ ಈಗ ನೆನಪಾಯಿತು. ಡ್ರಮ್ಮಿನ ತನಕ ಓಡಿದರೂ ಎರಡು ನಿಮಿಷ ಬೇಕು. ಫೋನು ಮಾಡಿದರೆ ಆ ಗದ್ದಲದಲ್ಲಿ ಎತ್ತುವವರಾರು? ಅವಳು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಸಭೆಯ ಕೋಣೆಯ ಹೊರಗಿನ ಗೋಡೆಯ ಮೇಲೆ ಇಡೀ ಕಾರ್ಖಾನೆಯ ಮೇನ್ ಸ್ವಿಚ್ಚಿತ್ತು. ಎರಡೂ ಕೈಯಿಂದ ಹಿಡಿದು, ಮೈಭಾರವನ್ನೆಲ್ಲ ಹಾಕಿ ಕೆಳಗೆಳೆದಳು.

ಸೈರನ್ ನಡುವೆಯೇ ನಿಂತಿತು. ಬೋರ್ಡು, ದೀಪ, ಸಾಹೇಬರ ಮುಖ, ಎಲ್ಲವೂ ಕತ್ತಲಾದವು.

ಮೆಟ್ಟಿಲು ಹೇಗಿಳಿದಳೋ ಗೊತ್ತಿಲ್ಲ. ಯಂತ್ರ ನಡೆಸುವವನು ಫೋನು ಹಿಡಿದು ನಿಂತಿದ್ದ. ಮೆಸೇಜ್ ಬಂತು, ಅದಕ್ಕೇ ಒತ್ತಿದೆ ಎಂದು ತೊದಲಿದ. ಡ್ರಮ್ಮಿನೊಳಗಿಂದ ಸಿಡುಕಿನ ದನಿ ಕೇಳಿಸಿತು.

"ಲೈಟ್ ಯಾರ್ರೀ ಆರಿಸಿದ್ದು? ಇಲ್ಲಿ ಮನುಷ್ಯರು ಇದೀವಿ."

ಕಿವಿಗೆ ಹತ್ತಿ ತುರುಕಿಕೊಂಡವನಿಗೆ ಸೈರನ್ ಕೇಳಿಯೇ ಇರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಅವಳ ಮುಖ ಕಂಡದ್ದೇ ಹತ್ತಿ ಕಿತ್ತು ಹೊರಗೆ ತೆವಳಿಬಂದ.

"ಭಾವ, ಕಾರ್ಡ್ ಎಳೆದಿದ್ದು ನಾನೇ."

ಅವನು ಅಲಗುಗಳ ಕಡೆ ನೋಡಿದ, ಅವಳ ಕಡೆ ನೋಡಿದ, ನೆಲದ ಮೇಲೆ ಕುಳಿತುಬಿಟ್ಟ. ಆಮೇಲೆ ಪೆಟ್ಟಿಗೆಯ ತಳ ತಡಕಿ ಬಿಲ್ಲೆ ತೆಗೆದ. ಡ್ರಮ್ಮಿನ ಸ್ವಿಚ್ಚು ಆರಿಸಿ ಅದಕ್ಕೆ ನೇತುಹಾಕಿದ.

"ಇನ್ನೂ ನಾಲ್ಕು ಬೋಲ್ಟ್ ಇದೆ," ಎಂದ. "ಮೇನ್ ಹಾಕಿಸು, ಲೈಟ್ ಬೇಕು. ನೀನು ಇಲ್ಲೇ ನಿಂತಿರು."

ದೀಪ ಹತ್ತಿದ ಮೇಲೆ ಮ್ಯಾನೇಜರ್ ಏದುಸಿರು ಬಿಡುತ್ತ ಬಂದರು. ಸಾಹೇಬರು ಕಾಯುತ್ತಿದ್ದಾರೆ, ಬೋರ್ಡಿನಲ್ಲಿ ಹಸಿರಿರುವ ಯಂತ್ರ ಯಾಕೆ ನಿಂತಿದೆಯೆಂದು ಕೇಳುತ್ತಿದ್ದಾರೆ, ಮೇಲೆ ಬಂದು ಹೇಳು ಎಂದರು.

ಅವಳು ಫೋನು ತೆಗೆದು, ಅವರ ಕಣ್ಣೆದುರೇ ಕಾರ್ಡನ್ನು ಕೆಂಪಿಗೆ ಎಳೆದಳು. ಹೋದ ವಾರದ ಬಾಣವನ್ನೂ ಅಳಿಸಿದಳು.

"ಭಾವ ಹೊರಗೆ ಬರಲಿ ಸರ್, ಆಮೇಲೆ ಬರ್ತೀನಿ."

ಮ್ಯಾನೇಜರ್ ಬಿಲ್ಲೆಯನ್ನು ನೋಡಿದರು. ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. ಒಳಗೆ ಸ್ಪ್ಯಾನರ್ ಸದ್ದು ಶುರುವಾಯಿತು. ಒಂದು ಬೋಲ್ಟು ಬಿಗಿಯಾಯಿತು. ಇನ್ನು ಮೂರು.