ಖಾಲಿ ಆಕಾಶದ ತುಂಡು

ಅಪ್ಪನಿಗೆ ಕತ್ತಲು ಪಿತ್ರಾರ್ಜಿತ ಆಸ್ತಿ ಇದ್ದ ಹಾಗೆ. ನಕ್ಷತ್ರಗಳ ನಡುವಿನ ದೂಳಿನ ಮೋಡಗಳು ಅಪ್ಪಟ ಕಪ್ಪು, ಅವು ಹೊಳೆಯುವ ಮಾತೇ ಇಲ್ಲ ಎಂದು ಹನ್ನೆರಡು ಪ್ರಬಂಧ ಬರೆದೇ ವೀಕ್ಷಣಾಲಯದ ಮುಖ್ಯಸ್ಥರಾದವರು. ಹದಿಮೂರನೆಯದು ಅಂದು ಮಧ್ಯಾಹ್ನ ಪತ್ರಿಕೆಗೆ ಹೊರಡಬೇಕಿತ್ತು. ಟೈಪ್ ಮಾಡಲು ಕೂತಿದ್ದವನು ನನ್ನ ಗಂಡ. ಮಾವ ಸೀನಿದರೆ ಅದಕ್ಕೂ ಅಡಿಟಿಪ್ಪಣಿ ಹಾಕುವ ಅಳಿಯ.

ನಾನು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ತೆಗೆದ ಅಂಥದೊಂದು ಮೋಡದ ಚಿತ್ರವನ್ನು ತೆರೆಯ ಮೇಲೆ ತೋರಿಸಿದೆ. ಮೋಡದ ಅಂಚಿನುದ್ದಕ್ಕೂ ತೆಳುವಾದ ಹೊಳಪು: ಸುತ್ತಲ ನಕ್ಷತ್ರಗಳ ಬೆಳಕು ದೂಳಿಗೆ ಬಡಿದು ಚದುರಿ ಬಂದದ್ದು.

"ಕ್ಯಾಮೆರಾದಲ್ಲಿ ಕೊಳೆ ಕೂತಿರ್ಬೇಕು," ಅಂದರು ಅಪ್ಪ.

"ಕ್ಯಾಮೆರಾ ತಿರುಗಿಸಿ ಮತ್ತೆ ತೆಗೆದೆ. ಕೊಳೆಯಾಗಿದ್ರೆ ಅದೂ ಜೊತೆಗೆ ತಿರುಗ್ತಿತ್ತು. ಹೊಳಪು ಮೋಡದ ಅಂಚಲ್ಲೇ ಉಳೀತು."

"ಮತ್ತೆ ನನ್ನ ಚಿತ್ರಗಳಲ್ಲಿ ಯಾಕಿಲ್ಲ?"

ಇಂಥ ಚಿತ್ರದಲ್ಲಿ ಗಾಳಿಯೂ ಬೆಳಗುತ್ತದೆ, ದೂರದರ್ಶಕವೂ ಬೆಳಗುತ್ತದೆ. ಆ ಬೆಳಕನ್ನು ತೆಗೆದುಹಾಕಲು, ಏನೂ ಇಲ್ಲದ ಆಕಾಶದ ತುಂಡೊಂದನ್ನು ಚಿತ್ರಿಸಿ ಮೋಡದ ಚಿತ್ರದಿಂದ ಕಳೆಯುತ್ತೇವೆ. ದೂರ ಹೋದರೆ ಸಮಯ ದಂಡವೆಂದು ಅಪ್ಪ ಆ ತುಂಡನ್ನು ಮೋಡದ ಮಗ್ಗುಲಲ್ಲೇ ಆರಿಸಿದ್ದರು. ಅದು ಖಾಲಿಯಿರಲಿಲ್ಲ, ಮೋಡದ ಸೆರಗು ಅಲ್ಲಿಗೂ ಚಾಚಿತ್ತು. ವರ್ಷಗಟ್ಟಲೆ ಹೊಳಪಿನಿಂದ ಹೊಳಪನ್ನೇ ಕಳೆದು, ಉಳಿದ ಸೊನ್ನೆಗೆ ಸನ್ಮಾನ ಮಾಡಿಸಿಕೊಂಡಿದ್ದರು. ನಾನು ತುಂಡನ್ನು ಮೋಡದಿಂದ ಬಹುದೂರದಲ್ಲಿ ಆರಿಸಿದ್ದೆ. ಅಷ್ಟನ್ನೂ ಹೇಳಿದೆ.

ಅಪ್ಪ ಕನ್ನಡಕ ತೆಗೆದು, ಅಂಗಿಯ ತುದಿಗೆ ಒರೆಸಿ, ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ಬೇರೆ ಮನುಷ್ಯರಾಗಿದ್ದರು.

"ಅಳಿಯಂದ್ರೇ, ತಲೆಬರಹ ಬದಲಾಯಿಸಿ. ಮೋಡ ಹೊಳೆಯುತ್ತೆ ಅಂತ ಹಾಕಿ. ನನಗೆ ಮೊದಲಿಂದಲೂ ಅನುಮಾನ ಇತ್ತು."

"ನನಗೂ ಇತ್ತು ಮಾವ."

"ನನ್ನ ಹೆಸರು ಮೊದಲು, ಆಮೇಲೆ ನಿಮ್ಮದು. ಇವಳಿಗೆ ಕೊನೇಲಿ ಒಂದು ಕೃತಜ್ಞತೆ ಹೇಳಿದ್ರೆ ಸಾಕು. ಮನೆಯವಳೇ ತಾನೆ."

ಗಂಡ ಆಗಲೇ ಟೈಪ್ ಮಾಡತೊಡಗಿದ್ದ. ನನ್ನ ಹೊಳಪು ನನ್ನ ಕಣ್ಣೆದುರೇ ಇವರಿಬ್ಬರ ಪಾಲಾಗುತ್ತಿತ್ತು.

"ಹಾಕ್ಕೊಳ್ಳಿ ಅಪ್ಪ. ಆದ್ರೆ ಖಾಲಿ ಆಕಾಶ ಈಗ ಎಲ್ಲಿಂದ ತಗೊಂಡ್ರಿ, ಮುಂಚೆ ಎಲ್ಲಿಂದ ತಗೋತಿದ್ರಿ, ಎರಡೂ ಬರೀಬೇಕು. ಓದೋರು ಕೇಳೇ ಕೇಳ್ತಾರೆ."

ಟೈಪಿನ ಸದ್ದು ನಿಂತಿತು. ಅಪ್ಪ ಕಪಾಟಿನತ್ತ ನೋಡಿದರು. ಹನ್ನೆರಡೂ ಪ್ರಬಂಧಗಳು ಚರ್ಮದ ಹೊದಿಕೆಯಲ್ಲಿ ಸಾಲಾಗಿ ನಿಂತಿದ್ದವು.

"ನಿನ್ನ ಹೆಸರೇ ಇರ್ಲಿ," ಅಂದರು ಕೊನೆಗೆ. "ನನ್ನದು ತೆಗೀರಿ. ತಪ್ಪಾದ್ರೆ ನಿನ್ನ ತಲೆಗೇ ಬರುತ್ತೆ, ನೆನಪಿಟ್ಕೋ."

"ನನ್ನದೂ ತೆಗೀತೀನಿ," ಅಂದ ಗಂಡ, ಯಾವುದೋ ದೊಡ್ಡ ತ್ಯಾಗ ಮಾಡಿದವನಂತೆ.

"ತೆಗೀರಿ. ಏಳಿ, ಕುರ್ಚಿ ಬಿಡಿ."

ಎದ್ದ. ನಾನು ಕೂತು ಮೊದಲು ಬರೆದದ್ದು ಆ ಎರಡು ಖಾಲಿ ತುಂಡುಗಳು ಎಲ್ಲೆಲ್ಲಿದ್ದವು ಎಂಬುದನ್ನು.