ಬಂದವರ ಪಟ್ಟಿ

ಹಾಜರಿ ಪಟ್ಟಿಯಲ್ಲಿ ಗುರುತು ಹಾಕಿ ಆಗಿತ್ತು. ಪೆನ್ನು ಎತ್ತಿದ ಮೇಲೆಯೇ ಅವಳು ತಲೆಯೆತ್ತಿ ನೋಡಿದ್ದು. ರೆಫರಿ ಇವತ್ತೂ ಬಂದಿರಲಿಲ್ಲ.

ಇದು ಆರನೆಯ ಸಲ.

ಹಳೆಯ ಗೋದಾಮಿನ ಸಿಮೆಂಟು ನೆಲದ ಮೇಲೆ ಮುದುಕರು, ಮುದುಕಿಯರು ಚೆಂಡಿನ ಹಿಂದೆ ನಡೆಯುತ್ತಿದ್ದರು. ನಡಿಗೆಯ ಫುಟ್‌ಬಾಲ್, ಓಡಿದರೆ ತಪ್ಪು. ಮಂಗಳವಾರ, ಶುಕ್ರವಾರ ಬೆಳಿಗ್ಗೆ, ಅರವತ್ತು ದಾಟಿದವರಿಗೆ. ಒಂಟಿತನದ ನಿವಾರಣೆ ಎಂದು ಯೋಜನೆಯ ಕಡತದಲ್ಲಿತ್ತು. ಪ್ರತಿ ಸಲ ಮೂವತ್ತು ಜನ ಬರದಿದ್ದರೆ ಯೋಜನೆ ನಿಲ್ಲುತ್ತದೆ ಎಂದೂ ಇತ್ತು. ಬರುತ್ತಿದ್ದವರು ಹೆಚ್ಚೆಂದರೆ ಇಪ್ಪತ್ತಮೂರು. ಪಟ್ಟಿಯಲ್ಲಿ ಮಾತ್ರ ಮೂವತ್ತು ತಪ್ಪುತ್ತಿರಲಿಲ್ಲ.

ರೆಫರಿ ಎಂದು ಎಲ್ಲರೂ ಕರೆಯುತ್ತಿದ್ದದ್ದು ಎಪ್ಪತ್ತೊಂದರ ಒಬ್ಬ ಮುದುಕಿಯನ್ನು. ಗಿರಣಿಯಲ್ಲಿ ಮೂವತ್ತು ವರ್ಷ ನೂಲು ಸುತ್ತಿದವಳು. ಮೊಣಕಾಲು ಕೈಕೊಟ್ಟಿದ್ದರಿಂದ ಆಡಿದ್ದಕ್ಕಿಂತ ಗೆರೆಯ ಹೊರಗೆ ನಿಂತು "ಓಡಿದ್ರು, ಓಡಿದ್ರು, ನಾನ್ ನೋಡ್ದೆ" ಎಂದು ತಕರಾರು ತೆಗೆದದ್ದೇ ಹೆಚ್ಚು. ಮಳೆ ಬರಲಿ, ಚಳಿ ಇರಲಿ, ಎಲ್ಲರಿಗಿಂತ ಮೊದಲು ಆಕೆ ಹಾಜರು. ಹೀಗಾಗಿ ಆ ಹೆಸರಿನ ಮುಂದೆ ಮೊದಲೇ ಗುರುತು ಹಾಕಿಟ್ಟುಬಿಡುವುದು ರೂಢಿಯಾಗಿತ್ತು. ಮುದುಕಿ ಮೊದಲ ಸಲ ತಪ್ಪಿಸಿಕೊಂಡ ಮಂಗಳವಾರವೂ ಹಾಕಿ ಆಗಿತ್ತು. ಹೊಡೆದುಹಾಕಿದರೆ ಹಾಳೆ ಕೊಳಕಾಗುತ್ತಿತ್ತು. ಒಮ್ಮೆ ಹಾಕಿದ ಮೇಲೆ ಮುಂದಿನ ಸಲ ಹಾಕದಿರಲು ಕಾರಣ ಬೇಕಿತ್ತು.

ಪಟ್ಟಿ ಹಿಡಿದ ಅವಳು ಪರದೇಶಕ್ಕೆ ಹೋಗಿದ್ದು ಇದಕ್ಕೆಂದಲ್ಲ. ಕ್ರೀಡಾ ನಿರ್ವಹಣೆ ಓದಲು ಹೊರಟಾಗ ಕಣ್ಣ ತುಂಬ ಇದ್ದದ್ದು ಅರವತ್ತು ಸಾವಿರ ಕುರ್ಚಿಗಳ ಕ್ರೀಡಾಂಗಣ. "ಆಡೋಕೆ ಬರ್ದೋರು ಆಡ್ಸೋಕೆ ಕಲೀತಾರೇನೇ?" ಎಂದು ಸೋದರತ್ತೆ ನಕ್ಕಿದ್ದಳು. ಎರಡನೆಯ ವರ್ಷದ ತರಬೇತಿಗೆ ಸಹಪಾಠಿಗಳಿಗೆಲ್ಲ ದೊಡ್ಡ ದೊಡ್ಡ ಕ್ಲಬ್ಬುಗಳು ಸಿಕ್ಕವು. ತಡವಾಗಿ ಅರ್ಜಿ ಹಾಕಿದ ಅವಳ ಪಾಲಿಗೆ ಉಳಿದದ್ದು ಒಂದು ಸಣ್ಣ ಕ್ಲಬ್ಬಿನ ಸಮುದಾಯ ವಿಭಾಗ. ನಡಿಗೆಯ ಫುಟ್‌ಬಾಲ್ ಆಡುವ ವಯಸ್ಸಾದವರಿಗೆ ತಂಡದ ಬಣ್ಣದ ಬನಿಯನ್ನುಗಳನ್ನು ಹಂಚುವ ಕೆಲಸ. ಒಂದು ದಿನ ಒಬ್ಬ ಮುದುಕ ಬನಿಯನ್ನು ವಾಪಸು ಕೊಡುತ್ತ, ನಾಲ್ಕು ದಿನದಿಂದ ತಾನು ಯಾರ ಜೊತೆಗೂ ಮಾತಾಡಿರಲಿಲ್ಲ ಎಂದ. ಅವಳು ಬನಿಯನ್ನು ಬದಿಗಿಟ್ಟು, ಅವನ ಪಕ್ಕ ಕೂತು ನಿಜಕ್ಕೂ ಕೇಳಿಸಿಕೊಂಡಳು. ಕ್ರೀಡಾಂಗಣದ ಆಸೆ ಅಲ್ಲಿಗೇ ಬಿಟ್ಟುಹೋಯಿತು.

ಊರಿಗೆ ತಿರುಗಿ ಬಂದು ಈ ಯೋಜನೆ ನಡೆಸುವ ಸಂಸ್ಥೆಗೆ ಬರೆದ ಅರ್ಜಿಯಲ್ಲಿ ಆ ನಾಲ್ಕು ದಿನ ಒಂದು ವಾರವಾಯಿತು. ಸಭೆಗಳಲ್ಲಿ ಹೇಳುತ್ತ ಹೇಳುತ್ತ ಒಂದು ತಿಂಗಳಾಯಿತು. ಈಗ ಆ ಮುದುಕನ ಮುಖವನ್ನು ನೆನೆಯಲು ಹೋದರೆ ಮೈಕಿನಲ್ಲಿ ತನ್ನದೇ ದನಿ ಕೇಳಿಸುತ್ತಿತ್ತು.

ಆಟ ಮುಗಿಯುವ ಹೊತ್ತಿಗೆ ಸಂಸ್ಥೆಯ ನಿರ್ದೇಶಕರ ಫೋನು ಬಂತು.

"ನಾಳೆ ನೆರವು ಕೊಡೋರ ಸಭೆ. ರೆಫರಿ ಅಜ್ಜಿ ಫೋಟೋ ಇದೆಯಲ್ಲ, ಅದರ ಕೆಳಗೆ ಹಾಕೋಕೆ ಅವರದ್ದೇ ಎರಡು ಮಾತು ಬೇಕಮ್ಮ. ಮನಸ್ಸಿಗೆ ನಾಟೋ ಹಾಗಿರ್ಲಿ."

"ಅವರು ಇತ್ತೀಚೆಗೆ ಅಷ್ಟಾಗಿ..."

"ಪಟ್ಟೀಲಿದಾರಲ್ಲ?"

"ಇದಾರೆ ಸರ್."

"ಮತ್ತೆ?"

ಮಧ್ಯಾಹ್ನ ವಿಳಾಸ ಹಿಡಿದು ಹೊರಟಳು. ಗೋದಾಮಿನಿಂದ ಹತ್ತು ನಿಮಿಷದ ದಾರಿ. ಇಷ್ಟು ಹತ್ತಿರ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ವಿಳಾಸವನ್ನು ನಮೂನೆಯಲ್ಲಿ ತುಂಬಿಕೊಂಡವಳು ಅವಳೇ.

ಆರನೆಯ ಮಹಡಿಯಲ್ಲಿ ಬಾಗಿಲು ತೆರೆದವನು ಮುದುಕಿಯ ಮಗ. ದೂರದೂರುಗಳ ಬಸ್ಸು ಓಡಿಸುವವನು. ಮೈಮೇಲೆ ಇನ್ನೂ ಡ್ಯೂಟಿಯ ಅಂಗಿಯಿತ್ತು. ಅವಳ ಕೊರಳಿನ ಗುರುತಿನ ಚೀಟಿ ನೋಡಿದ.

"ಚೆಂಡಾಟದ ಮೇಡಮ್ಮಾ? ಬನ್ನಿ. ಸುದ್ದಿ ಈಗ ಗೊತ್ತಾಯ್ತಾ?"

"ಏನು ಸುದ್ದಿ?"

ಅವನು ಅವಳನ್ನೇ ನೋಡಿದ. "ಅಮ್ಮ ಹೋಗಿ ಎರಡು ವಾರ ದಾಟ್ತು."

ಕೋಣೆಯಲ್ಲಿ ಒಂದೇ ಕುರ್ಚಿ. ಅದನ್ನು ಅವಳತ್ತ ಸರಿಸಿ ಅವನು ಮಂಚದ ಅಂಚಿಗೆ ಕೂತ. ಕೇಳದೆಯೇ ಹೇಳತೊಡಗಿದ. ಯಾರಾದರೂ ಬಂದು ಕೇಳಲಿ ಎಂದು ಮಾತುಗಳನ್ನು ಜೋಡಿಸಿಟ್ಟುಕೊಂಡವನ ಹಾಗಿದ್ದ.

"ಸೋಮವಾರ ನಾನು ಬಸ್ ತಗೊಂಡು ಹೋದೆ. ಗುರುವಾರ ಬಂದೆ. ಇಲ್ಲೇ, ಈ ಮಂಚದ ಪಕ್ಕ ಬಿದ್ದಿದ್ರು. ಒಂದ್ ಕಾಲಲ್ಲಿ ಶೂ ಇತ್ತು. ಇನ್ನೊಂದು ಹಾಕ್ಕೋತಾ ಇದ್ರು ಅಂತ ಕಾಣ್ಸತ್ತೆ. ಮಂಗಳವಾರ ಬೆಳಿಗ್ಗೆ ಬಿದ್ದಿದಾರೆ, ಜೀವ ಹೋಗಿದ್ದು ಬುಧವಾರ ಅಂದ್ರು ಡಾಕ್ಟ್ರು." ಅವನು ಅಂಗೈ ನೋಡಿಕೊಂಡ. "ಒಂದಿಡೀ ದಿನ, ಮೇಡಂ."

ಅವಳು ಏನೋ ಹೇಳಬೇಕಿತ್ತು. ದುಃಖಿತರೊಡನೆ ಹೇಗೆ ಮಾತಾಡಬೇಕೆಂದು ಸಂಸ್ಥೆಯಲ್ಲಿ ಎರಡು ದಿನದ ಶಿಬಿರ ನಡೆಸಿದ್ದಳು. ಕೊರಳಿನ ಚೀಟಿಯನ್ನು ತಿರುಗಿಸಿ, ಹೆಸರು ಕಾಣದ ಹಾಗೆ ಹಿಡಿದಳು.

"ಒಬ್ರೇ ಇರ್ಬೇಡಿ, ಅಕ್ಕನ ಮನೇಲಿರಿ ಅಂದ್ರೆ ಕೇಳ್ತಿರ್ಲಿಲ್ಲ. ನಾನೊಂದು ದಿನ ಆಟಕ್ಕೆ ಹೋಗ್ದಿದ್ರೆ ಸಾಕು, ಹುಡುಕ್ಕೊಂಡು ಬರ್ತಾರೆ ಕಣೋ ಅಂತಿದ್ರು." ಅವಳತ್ತ ತಿರುಗಿದ. "ಆ ಮಂಗಳವಾರ ಆಟ ಇರ್ಲಿಲ್ವಾ ಮೇಡಂ?"

ದನಿಯಲ್ಲಿ ಆರೋಪವಿರಲಿಲ್ಲ. ಅದೇ ಕಷ್ಟವಾಗಿತ್ತು.

"ಇರ್ಲಿಲ್ಲ. ಹಾಲ್ ರಿಪೇರಿ ಇತ್ತು." ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಒಂದು ಗಳಿಗೆ ನಿಜವೆನ್ನಿಸಿತು.

"ಅದೇ ನಾನೂ ಅಂದ್ಕೊಂಡೆ." ಅವನ ಹೆಗಲು ಇಳಿಯಿತು. "ಇದ್ದಿದ್ರೆ ಬರ್ತಿದ್ರಿ. ಪಾಪ, ರಜೆ ಅಂತ ಅಮ್ಮನಿಗೆ ಗೊತ್ತಿರ್ಲಿಲ್ವೇನೋ. ಶೂ ಬೇರೆ ಹಾಕ್ಕೊಂಡು..."

"ಹೇಳಿದ್ವಿ. ಮರೆತಿರ್ಬೇಕು."

"ಹೌದು. ಈಚೆಗೆ ಮರೆವು ಜಾಸ್ತಿಯಾಗಿತ್ತು." ಅವನು ಎದ್ದ. "ನೀವಾದ್ರೂ ಬಂದ್ರಲ್ಲ. ಟೀ ಮಾಡ್ಲಾ?"

ಬೇಡವೆಂದು ಕೈಮುಗಿದಳು. ಅವನೂ ಕೈಮುಗಿದ, ಅವಳಿಗಿಂತ ಹೆಚ್ಚು ಬಗ್ಗಿ.

ಮನೆಯಿಂದ ಹೊರಗೆ ಬರುತ್ತಿದ್ದಂತೆ ಫೋನು ನಡುಗಿತು.

"ಸಿಕ್ಕಿದ್ರಾ ಅಜ್ಜಿ?"

"ಮಗ ಸಿಕ್ಕಿದ್ರು."

"ಸರಿ, ಏನಂದ್ರು? ಡಿಸೈನ್‌ನೋನು ಕಾಯ್ತಾ ಇದಾನೆ."

ಹೇಳಿಬಿಡಬಹುದಿತ್ತು. ಮುದುಕಿ ಸತ್ತಳೆಂದು, ಸತ್ತ ಮೇಲೂ ಪಟ್ಟಿಯ ಪ್ರಕಾರ ಐದು ಸಲ ಆಟಕ್ಕೆ ಬಂದಳೆಂದು. ಆ ವಾಕ್ಯ ನಾಲಿಗೆಯ ತುದಿಯವರೆಗೂ ಬಂತು. ಆದರೆ ಬಾಯಿಂದ ಹೊರಬಿದ್ದದ್ದು ಬೇರೆ.

"ನಾನೊಂದು ದಿನ ಆಟಕ್ಕೆ ಹೋಗದಿದ್ದರೆ ಸಾಕು, ಹುಡುಕಿಕೊಂಡು ಬರುತ್ತಾರೆ."

ಆ ಕಡೆ ಪೆನ್ನು ಗೀಚುವ ಸದ್ದು. ಅವರು ಬರೆದುಕೊಳ್ಳುತ್ತಿದ್ದರು. "ಇದೇ ನೋಡಮ್ಮ ಬೇಕಾಗಿದ್ದು," ಎಂದರು.

ಲಿಫ್ಟಿನೊಳಗೆ ಹೋದಳು. ಯಾರೋ ತಮಾಷೆಗೆ ಎಲ್ಲ ಮಹಡಿಗಳ ಗುಂಡಿಯನ್ನೂ ಒತ್ತಿ ಹೋಗಿದ್ದರು. ಐದರಲ್ಲಿ ನಿಂತು ಬಾಗಿಲು ತೆರೆಯಿತು. ಉದ್ದನೆಯ ಓಣಿ, ಎರಡೂ ಬದಿಗೆ ಮುಚ್ಚಿದ ಕದಗಳು. ಲಿಫ್ಟು ಯಾರನ್ನೋ ಕಾದಂತೆ ನಿಂತು ಮತ್ತೆ ಮುಚ್ಚಿಕೊಂಡಿತು.

ನಾಲ್ಕರಲ್ಲೂ ಅದೇ ಓಣಿ, ಅವೇ ಕದಗಳು. ಯಾವುದರದೋ ಹಿಂದೆ ಏನೋ ನೆಲಕ್ಕೆ ತಗುಲಿದ ಸಣ್ಣ ಸದ್ದು. ಪಾತ್ರೆ ಇರಬಹುದು. ಅವಳ ಕಾಲು ಒಂದು ಹೆಜ್ಜೆ ಮುಂದೆ ಹೋಯಿತು. ಎರಡೂ ಕಡೆಯಿಂದ ಬಾಗಿಲು ಸರಿದು ಬರತೊಡಗಿದ್ದನ್ನು ಕಂಡು ಹಿಂದಕ್ಕೆ ಎಳೆದುಕೊಂಡಳು.

ಮೂರರಲ್ಲಿ ಬಾಗಿಲು ತೆರೆದಾಗ ಅವಳು ಮೇಲೆ, ಬೆಳಗುತ್ತಿದ್ದ ಅಂಕಿಯನ್ನೇ ನೋಡುತ್ತಿದ್ದಳು.